ಯಜಮಾನರ ಮಂಚದಲ್ಲಿ ನಮ್ಮ ಮಾವ ಮಲಗಿದ್ದರ ಕುರಿತು

ನಡುಗಡ್ಡೆಯ ಹಳೇ ಬಂಗಲೆಯ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ನದಿಯಷ್ಟೇ ಶಾಂತರಾಗಿ, ಬಂಗಲೆಯಷ್ಟೇ ಭದ್ರವಾಗಿ ತಾವು ಪೀಠದಲ್ಲಿ ವಿರಾಜಮಾನರಾಗಿದ್ದೀರೆಂದು ನಂಬಿ, ಕಳೆದ ಭಾನುವಾರ ಬಂಗಲೆ ನೋಡಲು ಕುಟುಂಬಸಮೇತ ಅಲ್ಲಿಗೆ ಬಂದಿದ್ದ ನಾನು ಈ ಅಹವಾಲನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ ತಮ್ಮ ಕುರ್ಚಿಗಳನ್ನು ಹೊಗಳಬೇಕು. ಬಂಗಲೆಯ ತುಂಬ ಕುರ್ಚಿಗಳಿದ್ದು, ಪ್ರತಿಯೊಂದಕ್ಕೂ ಕೆಂಪು ಹಗ್ಗ ಕಟ್ಟಿ ಕೂರಬಾರದೆಂದು ಬರೆಸಿದ್ದೀರಿ. ಕೂರುವವರ ಕಾಟವಿಲ್ಲದ ಕುರ್ಚಿ ಎಷ್ಟು ಕಾಲ ಬಾಳುತ್ತದೆಂಬುದನ್ನು ಕಣ್ಣಾರೆ ಕಂಡೆವು. ಆದರೆ ನನ್ನ ಹೆಂಡತಿಯ ತಂದೆಯವರು ಆಯುಷ್ಯವೆಲ್ಲ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡವರು. ನಾವು ಊಟದ ಕೋಣೆಯ ಪಿಂಗಾಣಿ ತಟ್ಟೆಗಳನ್ನು ನೋಡುತ್ತಿದ್ದಾಗ ಅವರು ಮಹಡಿಯ ಮಲಗುವ ಕೋಣೆಗೆ ಹೋಗಿ, ಹಗ್ಗ ದಾಟಿ, ಬಂಗಲೆಯ ದಿವಂಗತ ಯಜಮಾನರ ಮಂಚದ ಅಂಚಿನಲ್ಲಿ ಕುಳಿತರು. ಕುಳಿತವರು ಒರಗಿದರು, ಒರಗಿದವರು ಮಲಗಿದರು.

ಇಲ್ಲಿ ತಮ್ಮ ಗೈಡ್ ಮಹಾಶಯರನ್ನು ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಅರೆಗತ್ತಲಲ್ಲಿ ಮಾವನವರನ್ನು ಕಂಡ ಅವರು ಎದೆಗುಂದದೆ, ಯಜಮಾನರ ಮೇಣದ ಪ್ರತಿಮೆಯನ್ನು ಹೊಸದಾಗಿ ತರಿಸಲಾಗಿದೆಯೆಂದು ಪ್ರವಾಸಿಗರಿಗೆ ವಿವರಿಸಿದರಂತೆ. ಗೊರಕೆ ಹೇಗೆ ಬರುತ್ತಿದೆಯೆಂದು ಒಬ್ಬ ಮಹಿಳೆ ಕೇಳಿದ್ದಕ್ಕೆ, ಒಳಗೆ ಮೋಟಾರು ಕೂರಿಸಿದೆ ಎಂದರಂತೆ. ಗುಂಪು ಮೆಚ್ಚಿ ಚಪ್ಪಾಳೆ ತಟ್ಟಿತು.

ಆ ಸದ್ದಿಗೆ ನಾವು ಓಡಿಬಂದೆವು. ಎಬ್ಬಿಸಲು ಕೈ ಚಾಚಿದ ನನ್ನನ್ನು ಹೆಂಡತಿ ತಡೆದಳು. "ಬೇಡ ರೀ. ಅಮ್ಮ ಹೋದಮೇಲೆ ಅಪ್ಪ ಹೀಗೆ ನಿದ್ದೆ ಮಾಡಿದ್ದು ನಾನು ನೋಡೇ ಇಲ್ಲ." ನಿಜ. ಅತ್ತೆಯವರು ತೀರಿಕೊಂಡಂದಿನಿಂದ ಅವರಿಗೆ ಎವೆಗೆ ಎವೆ ಹತ್ತಿರಲಿಲ್ಲ; ಮಾತ್ರೆ, ಬಿಸಿ ಹಾಲು, ಹೊಸ ಹಾಸಿಗೆ, ಯಾವುದರ ಆಟವೂ ನಡೆದಿರಲಿಲ್ಲ. ಅವಳು ಹಗ್ಗದ ಪಕ್ಕ ನೆಲದ ಮೇಲೆ ಕುಳಿತು, ಬಂದವರಿಗೆಲ್ಲ ಮೆಲ್ಲಗೆ ಮಾತಾಡುವಂತೆ ಸನ್ನೆ ಮಾಡತೊಡಗಿದಳು. ದೋಣಿ ಬಂತು, ಹೋಯಿತು. ಇನ್ನೊಂದೂ ಬಂತು, ಹೋಯಿತು.

ಕಡೆಗೆ ತಾವೇ ದಯಮಾಡಿಸಿ, ಕಿವಿಯ ಬಳಿ ಶಿಳ್ಳೆ ಊದಿ ಅವರನ್ನು ಎಬ್ಬಿಸಿ, ಇನ್ನು ನಡುಗಡ್ಡೆಗೆ ಕಾಲಿಡಕೂಡದೆಂದು ಅಪ್ಪಣೆ ಮಾಡಿದಿರಿ. ಅಂಥ ಮಂಚವನ್ನು ಒಬ್ಬ ಮುದುಕರ ಕೈಯಿಂದ ಪಾರುಮಾಡಿದ ಕೀರ್ತಿ ತಮ್ಮದು. ಮಾವನವರು ಈಗ ಮತ್ತೆ ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ.

ಆದ್ದರಿಂದ ಆ ಮಂಚವನ್ನು ನಮ್ಮ ಮನೆಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥನೆ. ಬಾಗಿಲು ಸಾಲದಿದ್ದರೆ ಗೋಡೆ ಒಡೆಸುತ್ತೇವೆ. ಅದಾಗದಿದ್ದಲ್ಲಿ ಮಾವನವರನ್ನೇ ಪ್ರತಿಮೆಯ ಹುದ್ದೆಗೆ ನೇಮಿಸಿಕೊಳ್ಳಿ. ಸಂಬಳ ಬೇಡ. ಟೋಪಿ ತೊಡಿಸಿದರೂ ಅಡ್ಡಿಯಿಲ್ಲ, ಮೀಸೆ ಅಂಟಿಸಿದರೂ ಅಡ್ಡಿಯಿಲ್ಲ, ಶಿಳ್ಳೆಯೊಂದು ಬೇಡ.

ತಮ್ಮ ಕೃಪೆಯ ದಾರಿಯನ್ನು ಕಣ್ಣು ಮುಚ್ಚದೆ ಕಾಯುತ್ತಿರುವ ಮನೆಯಿಂದ,
ತಮ್ಮ ವಿಶ್ವಾಸಿ,
ಮಲಗಿದ್ದವರ ಅಳಿಯ

ವಿ.ಸೂ.: ಈ ಪತ್ರವನ್ನು ಖುದ್ದಾಗಿ ಕೊಡೋಣವೆಂದು ನಿನ್ನೆ ಮಧ್ಯಾಹ್ನ ಮಾವನವರೊಡನೆ ದಡದ ಮೇಲಿರುವ ತಮ್ಮ ಕಚೇರಿಗೆ ಬಂದಿದ್ದೆ. ತಾವು ಮೇಜಿನ ಮೇಲೆ ತಲೆಯಿಟ್ಟು ಗಾಢನಿದ್ರೆಯಲ್ಲಿದ್ದಿರಿ. ನಾನು ಕರೆಯಲು ಬಾಯಿ ತೆರೆದಾಗ ಮಾವನವರು ತೋಳು ಹಿಡಿದು, "ಮಲಗಲಿ ಬಿಡಿ, ಪಾಪ" ಎಂದು ನನ್ನನ್ನು ಹೊರಗೆ ಕರೆತಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಹೀಗಾಗಿ ಪತ್ರವನ್ನು ಬಹಿರಂಗಪಡಿಸಬೇಕಾಯಿತು, ಕ್ಷಮೆಯಿರಲಿ.