ಎರಡು ಸುಳಿಯ ಫಾರ್ವರ್ಡು

ಒಂದು ಸಾವಿರದ ಒಂಬೈನೂರ ಎಂಬತ್ತೊಂದನೇ ಇಸವಿಯ ಮಹಾಸಭೆಯಲ್ಲಿ ತಾಳವಾಡಿಯ ಮೇಲುಸೀಮೆ ಫುಟ್‌ಬಾಲ್ ಸಂಘವು, ಇನ್ನು ಮುಂದೆ ಹಲ್ಲು, ಗೊರಸು ಮತ್ತು ಸುಳಿ ಪರೀಕ್ಷಿಸದೆ ಯಾವ ಆಟಗಾರನನ್ನೂ ತಂಡಕ್ಕೆ ಸೇರಿಸಿಕೊಳ್ಳತಕ್ಕದ್ದಲ್ಲ ಎಂದು ಸರ್ವಾನುಮತದಿಂದ ನಿರ್ಣಯಿಸಿತು. ಗೊರಸು ಎಂದಿರುವಲ್ಲಿ ಪಾದ ಎಂದು ಓದಿಕೊಳ್ಳತಕ್ಕದ್ದು ಎಂಬ ತಿದ್ದುಪಡಿಯನ್ನು ನಾನು ಸೂಚಿಸಿದೆ. ಅದು ಚರ್ಚೆಗೆ ಬರಲಿಲ್ಲ.

ನಾನು ಸಂಘದ ವರದಿಗಾರ. ಪಂಚಾಯಿತಿ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಈ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಓದಿ ಯಾರಿಗಾದರೂ ಹೊಟ್ಟೆ ಉರಿದರೆ ಮಜ್ಜಿಗೆ ಕುಡಿಯಲಿ.

ನಿರ್ಣಯಕ್ಕೆ ಕಾರಣವಿತ್ತು. ಸಂಘದ ಅಧ್ಯಕ್ಷರಾದ ಷಡಕ್ಷರಿಯವರು ಜೀರಹಳ್ಳಿ ರಸ್ತೆಯ ಎರಡೂ ಪಕ್ಕದ ಹೊಲಗಳ ಒಡೆಯರು. ಅವರು ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದ್ದಿಲ್ಲ. ಅರ್ಧಕ್ಕೆ ಬಿಡುವು ಕೊಟ್ಟಾಗ ಮುಗಿಯಿತೆಂದು ಎದ್ದುಹೋಗುತ್ತಿದ್ದರು. ಆದರೆ ಎತ್ತಿನ ವಿಷಯದಲ್ಲಿ ಅವರ ಮಾತಿಗೆ ನಮ್ಮ ತಮಿಳುನಾಡಿನ ಗಡಿ ದಾಟಿ ಚಾಮರಾಜನಗರದವರೆಗೂ ಬೆಲೆಯಿತ್ತು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿ ನೋಡಿ, ಅದು ಹಟ್ಟಿಗೆ ಬಂದರೆ ಯಜಮಾನನಿಗೆ ಏನಾಗುತ್ತದೆಂದು ಹೇಳಬಲ್ಲವರು. ಅವರ ಬಲಗೈ ದೊಡ್ಡಯ್ಯ, ದನದ ದಳ್ಳಾಳಿ. ಕಾರ್ಯದರ್ಶಿ ರುದ್ರಸ್ವಾಮಿಯವರು, ಅಧ್ಯಕ್ಷರು ಏನು ಹೇಳಿದರೂ ಅದಕ್ಕೊಂದು ನಿಯಮದ ನಂಬರು ಹಾಕುವ ವಿದ್ವಾಂಸರು. "ಕಾಲಿರೋದು ಓಡಕ್ಕೆ. ಎತ್ತಾದ್ರೇನು, ಫಾರ್ವರ್ಡ್ ಆದ್ರೇನು?" ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ರುದ್ರಸ್ವಾಮಿಯವರು ಅದನ್ನು ನಿಯಮ ಏಳು ಎಂದು ಕರೆದರು. ಮೊದಲ ಆರು ಯಾವುವೆಂದು ಇಂದಿಗೂ ಗೊತ್ತಾಗಿಲ್ಲ.

ಸಂಘ ಆಗ ಮೂರನೇ ಡಿವಿಷನ್ ಲೀಗಿನ ತಳದಲ್ಲಿ ಭದ್ರವಾಗಿ ಕೂತಿತ್ತು. ಆದರೂ ಆ ವರ್ಷದ ಆಯ್ಕೆಗೆ ಹುಡುಗರು ಮುಗಿಬಿದ್ದರು. ಕೊಯಮತ್ತೂರಿನ ಒಂದು ಬಟ್ಟೆ ಮಿಲ್ಲು ತನ್ನ ತಂಡಕ್ಕೆ ಒಬ್ಬ ಫಾರ್ವರ್ಡನ್ನು ಹುಡುಕುತ್ತಿತ್ತು. ಸಿಕ್ಕವನಿಗೆ ಮಿಲ್ಲಿನಲ್ಲಿ ಖಾಯಂ ಕೆಲಸ, ಇರಲು ಕ್ವಾರ್ಟರ್ಸು. ಸೀಸನ್ನಿನ ಕಡೆಯ ಪಂದ್ಯ ನೋಡಲು ಮಿಲ್ಲಿನ ಸಾಹೇಬರು ಖುದ್ದು ಬೆಟ್ಟ ಹತ್ತಿ ಬರುವವರಿದ್ದರು. ಆ ಕೆಲಸ ಯಾರಿಗೆ ಸಲ್ಲಬೇಕೆಂಬುದು ಕುರುಡನಿಗೂ ಗೊತ್ತಿತ್ತು: ಮಾದಪ್ಪನಿಗೆ.

ಮಾದಪ್ಪ ಷಡಕ್ಷರಿಯವರ ಹೊಲ ಉಳುವ ಆಳು. ಹಗಲೆಲ್ಲ ನೇಗಿಲು ಹಿಡಿದು, ಸಂಜೆ ಬರಿಗಾಲಲ್ಲಿ ಚೆಂಡು ಒದ್ದನೆಂದರೆ ಗೋಲ್‌ಕೀಪರು ಚೆಂಡು ಹಿಡಿಯುವುದು ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದ. ಮಗ ಮಿಲ್ಲಿಗೆ ಸೇರಿದರೆ ತನಗೆ ಇನ್ನೊಬ್ಬರ ಹಟ್ಟಿಯ ಸಗಣಿ ಬಾಚುವುದು ತಪ್ಪುತ್ತದೆ ಎಂದು ಅವನ ತಾಯಿ ಮಂಚಮ್ಮ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಹೇಳಬಾರದಿತ್ತು. ಮಾದಪ್ಪ ಹೋದರೆ ತಮ್ಮ ಹೊಲ ಉಳುವವರು ಯಾರು ಎಂಬ ಪ್ರಶ್ನೆ ಷಡಕ್ಷರಿಯವರಿಗೆ ಹೊಳೆದದ್ದು ಅದೇ ವಾರ.

ಆಯ್ಕೆ ಸಂತೆಮಾಳದಲ್ಲಿ ನಡೆಯಿತು. ಹುಡುಗರನ್ನು ಸಾಲಾಗಿ ನಿಲ್ಲಿಸಿ ದೊಡ್ಡಯ್ಯ ಒಬ್ಬೊಬ್ಬರ ತುಟಿ ಎತ್ತಿ ಹಲ್ಲು ನೋಡಿದ, ಬೆನ್ನು ತಟ್ಟಿದ, ಅತ್ತಿಂದಿತ್ತ ನಡೆಸಿದ. ಚೆಂಡು ತರಲೇ ಎಂದು ನಾನು ಕೇಳಿದೆ.

"ಸಂತೇಲಿ ಎತ್ತು ತಕ್ಕಳೋವಾಗ ಒಲ ಒತ್ಕೊಂಡು ಓದೀವಾ?" ಎಂದರು ಅಧ್ಯಕ್ಷರು.

ಮಾದಪ್ಪನ ಸರದಿ ಬಂತು. ಹಲ್ಲು ಸರಿಯಿದ್ದವು, ಕಾಲಂತೂ ಹೊನ್ನೆ ಮರದ ಕಂಬ. ದೊಡ್ಡಯ್ಯ ಅವನ ತಲೆಯಲ್ಲಿ ಬೆರಳಾಡಿಸಿ, ಕೆಂಡ ಮುಟ್ಟಿದವನ ಹಾಗೆ ಕೈ ಹಿಂದೆಗೆದ.

"ಬುದ್ಧಿ, ಎಲ್ಡು ಸುಳಿ!"

ನೆತ್ತಿಯಲ್ಲಿ ಎರಡು ಸುಳಿ ಇರುವವನಿಗೆ ಎರಡು ಮದುವೆ ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಅಧ್ಯಕ್ಷರು ಕಣ್ಣು ಮುಚ್ಚಿ ಯೋಚಿಸಿ ಅದನ್ನು ಫುಟ್‌ಬಾಲಿಗೆ ಅನ್ವಯಿಸಿದರು. "ಎಲ್ಡು ಸುಳಿಯೋನು ಒಂದು ಟೀಮಲ್ಲಿ ನಿಲ್ಲಾಕಿಲ್ಲ. ಇವತ್ತು ನಮ್ಮಟ್ಟಿ, ನಾಳೆ ಇನ್ನೊಬ್ರಟ್ಟಿ. ಇಂಥೋನ್ನ ನಂಬ್ಕೊಂಡು ಸಂಘ ಕಟ್ಟಾಕಾದದಾ?"

ಅಂಚಿನಲ್ಲಿ ನಿಂತಿದ್ದ ಮಂಚಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬುದ್ಧಿ, ನನ್ ಮಗುಂಗೆ ಒಂದು ಮದ್ವೆಗೇ ಗತಿ ಇಲ್ಲ, ಎಲ್ಡನೇದು ಎಲ್ಲಿಂದ ಬಂದಾದು? ಚೆಂಡು ಒದೆಯಾದು ಕಾಲೋ, ಕೂದ್ಲೋ?"

ಪ್ರಶ್ನೆಗಳನ್ನು ಲಿಖಿತವಾಗಿ, ಮಹಾಸಭೆಗೆ ಮುಂಚಿತವಾಗಿ ಸಲ್ಲಿಸತಕ್ಕದ್ದು ಎಂದು ರುದ್ರಸ್ವಾಮಿಯವರು ತಿಳಿಸಿದರು. ಮಂಚಮ್ಮನಿಗೆ ಓದು ಬರಹ ಬಾರದು. ಅದು ಅವರಿಗೂ ಗೊತ್ತಿತ್ತು.

ಮಂಚಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಮಗನನ್ನು ಮಾದೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿ, ನುಣ್ಣಗೆ ಬೋಳಿಸಿದ ತಲೆಯೊಂದಿಗೆ ಸಮಿತಿಯ ಮುಂದೆ ತಂದು ನಿಲ್ಲಿಸಿದಳು. "ಈಗ ತೋರ್ಸಿ, ಎಲ್ಲದೆ ಸುಳಿ?" ಎಂದಳು. ದೇವರಿಗೆ ಕೊಟ್ಟ ಮುಡಿ. ತಪ್ಪು ಎನ್ನುವ ಹಾಗಿಲ್ಲ. ಸಮಿತಿ ಒಳಗೆ ಹೋಗಿ ಕಾಫಿ ಕುಡಿದು ಬಂದು ಈ ಪ್ರಕಟಣೆ ಹೊರಡಿಸಿತು:

"ಸುಳಿಯು ಗೋಚರವಾಗದ ಕಾರಣ ಸದರಿ ಆಟಗಾರನ ಆಯ್ಕೆಯನ್ನು ಕೂದಲು ಬೆಳೆಯುವವರೆಗೆ ಮುಂದೂಡಲಾಗಿದೆ. ಬೆಳೆದ ಕೂಡಲೇ, ಸುಳಿಯು ಗೋಚರವಾಗುವ ಕಾರಣ, ತಿರಸ್ಕರಿಸಲಾಗುವುದು. ಅಲ್ಲಿಯವರೆಗೆ ಆಟಗಾರನು ತಾಳ್ಮೆಯಿಂದ ಸಹಕರಿಸಬೇಕಾಗಿ ಕೋರಲಾಗಿದೆ."

ಮಾದಪ್ಪನ ಫುಟ್‌ಬಾಲು ಅಲ್ಲಿಗೇ ಮುಗಿಯಬೇಕಿತ್ತು. ಅವನನ್ನು ಉಳಿಸಿದ್ದು ಅಧ್ಯಕ್ಷರ ತಂಗಿಯ ಮಗ ಜಡೇಸ್ವಾಮಿ. ಈ ಹುಡುಗ ಕಾಲೇಜಿಗೆ ಹೋಗಿ, ಹಾಗೆಯೇ ವಾಪಸು ಬಂದು, ಮಾವನ ಮನೆಯಲ್ಲಿ ಉಂಡುಕೊಂಡಿದ್ದ. ಹಾಲಿನಂಥ ಹಲ್ಲು, ಸುಳಿ ಒಂದೇ, ಅದೂ ಬಲಕ್ಕೆ ತಿರುಗಿದ್ದು. ದೊಡ್ಡಯ್ಯನ ಕಣ್ಣಲ್ಲಿ ನೀರೇ ಬಂತು. ಚೆಂಡು ಹತ್ತಿರ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ ಎಂಬುದೊಂದೇ ಕೊರತೆ. ಸಮಿತಿ ಅದನ್ನು ವಿನಯ ಎಂದು ದಾಖಲಿಸಿತು.

ಆದರೆ ಉಳುವ ಎತ್ತನ್ನು ಯಾರೂ ಒಂಟಿಯಾಗಿ ಕೊಳ್ಳುವುದಿಲ್ಲ. ಆದ್ದರಿಂದ ನಿಯಮ ಎಂಟು: ಆಟಗಾರರನ್ನು ಎತ್ತರ, ಬಣ್ಣ ಹೊಂದುವ ಜೋಡಿಗಳಾಗಿಯೇ ಸೇರಿಸಿಕೊಳ್ಳತಕ್ಕದ್ದು. ಹನ್ನೊಂದು ಜನರಲ್ಲಿ ಒಬ್ಬ ಒಂಟಿ ಉಳಿಯುತ್ತಾನಲ್ಲ ಎಂದು ನಾನು ಗಮನಕ್ಕೆ ತಂದೆ. ಗೋಲ್‌ಕೀಪರು ಎತ್ತಲ್ಲ, ಬಾಗಿಲಲ್ಲಿ ಕಟ್ಟಿದ ನಾಯಿ ಎಂದು ವಿವರಣೆ ಬಂತು. ಜಡೇಸ್ವಾಮಿಗೆ ಜೋಡಿ ಹುಡುಕಿದರೆ ಇಡೀ ಫಿರ್ಕಾದ ಹಳ್ಳಿಗಳಲ್ಲೆಲ್ಲ ಎತ್ತರ, ಬಣ್ಣ ಎರಡೂ ಹೊಂದಿದವನು ಮಾದಪ್ಪನೊಬ್ಬನೇ. ಅಳಿಯನಿಗಾಗಿ ಅಧ್ಯಕ್ಷರು ಸುಳಿಯನ್ನು ತಾತ್ಕಾಲಿಕವಾಗಿ ಕ್ಷಮಿಸಿದರು.

ಕಡೆಯ ಪಂದ್ಯದ ದಿನ ಬಂತು. ಮಾದಪ್ಪನ ಕೂದಲೂ ಬೆಳೆದಿತ್ತು. ಮಿಲ್ಲಿನ ಸಾಹೇಬರು ಬಿಳಿ ಪ್ಯಾಂಟು, ಕಪ್ಪು ಕನ್ನಡಕದಲ್ಲಿ ಬಂದು ಕುರ್ಚಿಯಲ್ಲಿ ಕೂತರು. ನಿಯಮದ ಪ್ರಕಾರ ಮಾದಪ್ಪ ಎಲ್ಲಿ ಓಡಿದರೆ ಅಲ್ಲಿ ಜಡೇಸ್ವಾಮಿಯೂ ಅವನ ಎಡಪಕ್ಕಕ್ಕೆ ಓಡಬೇಕು. ಮಾದಪ್ಪ ಒಂದು ಗೋಲು ಹೊಡೆದ, ಇನ್ನೊಂದು ಹೊಡೆದ. ಮೂರನೆಯದನ್ನು ಅರ್ಧ ಮೈದಾನದಿಂದ ಎಲ್ಲರನ್ನೂ ದಾಟಿಕೊಂಡು ಬಂದು ಎಂಥ ಹೊಡೆತ ಹೊಡೆದನೆಂದರೆ, ಸಂಘಕ್ಕಿದ್ದ ಒಂದೇ ಚೆಂಡು ಬಲೆಯೊಳಗೆ ಒಡೆದುಹೋಯಿತು. ಸುಳ್ಳೇಕೆ ಹೇಳಲಿ, ಬರೆಯುವುದು ಬಿಟ್ಟು ನಾನೂ ಚಪ್ಪಾಳೆ ತಟ್ಟಿದೆ. ಪ್ರತಿ ಗೋಲಿಗೂ ಜಡೇಸ್ವಾಮಿ ಸ್ವಲ್ಪ ಹೊತ್ತಾದ ಮೇಲೆ ಏದುಸಿರು ಬಿಡುತ್ತ ಬಂದು ತಲುಪಿ, ಜನರ ಕಡೆಗೆ ಎರಡೂ ಕೈ ಎತ್ತುತ್ತಿದ್ದ.

ಸಾಹೇಬರು ಎದ್ದು ಬಂದು ತಮಿಳಿನಲ್ಲಿ, ಆ ಹುಡುಗ ಬೇಕು, ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದರು. ಮಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾದಪ್ಪ ಬಟ್ಟೆಯ ಗಂಟು ತರಲು ಮನೆಗೆ ಓಡಿದ. ಜೋಡಿ ಮುರಿಯುವ ಹಾಗಿಲ್ಲ ಎಂದರು ಅಧ್ಯಕ್ಷರು. ಇರುವುದು ಒಂದೇ ಕೆಲಸ ಎಂದರು ಸಾಹೇಬರು.

"ಅಂಗಾದ್ರೆ ಮಾದನ ಐಬು ಏಳ್ಬುಡ್ತೀನಿ. ಎಲ್ಡು ಸುಳಿ. ಐಬು ಮುಚ್ಚಿ ಮಾರಾದು ನಮ್ಮ ವಂಶದಲ್ಲೇ ಇಲ್ಲ," ಎಂದು ಅಧ್ಯಕ್ಷರು ಎದೆ ಮುಟ್ಟಿಕೊಂಡರು.

ಸಾಹೇಬರಿಗೆ ಅರ್ಥವಾಗಲಿಲ್ಲ, ಮರ್ಯಾದೆಗೆ ನಕ್ಕರು. ಆಗ ದೊಡ್ಡಯ್ಯ ಹೆಗಲ ಮೇಲಿನ ಟವಲು ತೆಗೆದು ತನ್ನ ಕೈಮೇಲೆ ಹೊದಿಸಿ ಅವರ ಮುಂದೆ ಚಾಚಿದ. ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಸುಕಿ ತಿಳಿಸುತ್ತಾರೆ. ಪೂರ್ತಿ ಹಸ್ತ ಹಿಡಿದು ಕುಲುಕಿದರೆ ಒಪ್ಪಿಗೆಯಾಯಿತು, ಮರುಮಾತಿಲ್ಲ. ಮಾರುವವನು ಆಗ ಯಾವ ಎತ್ತಿನ ಹಗ್ಗ ಹಿಡಿದಿರುತ್ತಾನೋ ಆ ಎತ್ತು ಕೊಂಡವನದು. ಸಾಹೇಬರು ಇದು ಬೆಟ್ಟದವರ ಸನ್ಮಾನದ ಪದ್ಧತಿಯೆಂದು ತಿಳಿದು, ಟವಲಿನೊಳಗೆ ಕೈ ತೂರಿಸಿ ದೊಡ್ಡಯ್ಯನ ಹಸ್ತ ಹಿಡಿದು ಸಂತೋಷದಿಂದ ಕುಲುಕಿದರು.

"ಕುದುರ್ತು!" ಎಂದು ದೊಡ್ಡಯ್ಯ ಕೂಗಿದ. ಎಲ್ಲರೂ ಅಧ್ಯಕ್ಷರ ಕೈ ನೋಡಿದರು. ಅವರು ಜಡೇಸ್ವಾಮಿಯ ಮಣಿಕಟ್ಟು ಹಿಡಿದು ನಿಂತಿದ್ದರು.

ಸಾಹೇಬರು ಕೂಗಾಡಿದರು, ಇವನಲ್ಲ, ಗೋಲು ಹೊಡೆದವನು ಬೇಕು ಎಂದರು. ಜನ ಅವರನ್ನು ಮರುಕದಿಂದ ನೋಡಿದರು. "ಟವಲೊಳಗೆ ಕೈ ಕೊಟ್ಟ ಮ್ಯಾಲೆ ಇಲ್ಲ ಅಂದ್ರೆ ಆದದಾ ಸಾರ್? ನಾಳೆ ಸಂತೆ ನಡೆಯಾದು ಎಂಗೆ?" ಎಂದು ಹಿರಿಯರು ಬುದ್ಧಿ ಹೇಳಿದರು. ಅಷ್ಟರಲ್ಲಿ ಬೆಟ್ಟ ಇಳಿಯುವ ಕಡೆಯ ಬಸ್ಸು ಹಾರ್ನು ಹೊಡೆಯತೊಡಗಿತು. ಅಧ್ಯಕ್ಷರ ಮನೆಯಿಂದ ಒಂದು ಡಬ್ಬ ಜೇನುತುಪ್ಪ ಬಂತು. ಸಾಹೇಬರು ಡಬ್ಬ ನೋಡಿದರು, ಜಡೇಸ್ವಾಮಿಯನ್ನು ನೋಡಿದರು. ತಮ್ಮ ಮಾಲೀಕರೂ ಪಂದ್ಯ ನೋಡುವವರಲ್ಲ, ಫೋಟೋದಲ್ಲಿ ಹುಡುಗರು ಎತ್ತರವಾಗಿ ಕಂಡರೆ ಸಾಕು ಎಂದು ನನ್ನ ಹತ್ತಿರ ಹೇಳಿದರು. ಅವರೂ ಜಡೇಸ್ವಾಮಿಯೂ ಬಸ್ಸು ಹತ್ತಿದರು.

ಮಾದಪ್ಪ ಗಂಟು ಹಿಡಿದು ಬರುವ ಹೊತ್ತಿಗೆ ಬಸ್ಸು ಹಾಸನೂರು ರಸ್ತೆಗೆ ತಿರುಗಿತ್ತು. ಅವನು ಧೂಳು ಕೂರುವವರೆಗೂ ನಿಂತಿದ್ದು, ಅಧ್ಯಕ್ಷರ ಹತ್ತಿರ ಬಂದ.

"ಬುದ್ಧಿ, ನಾ ಏನ್ ತೆಪ್ಪು ಮಾಡ್ದೆ?"

"ನಿಂದೇನಿಲ್ಲ ಕಣ್ಲಾ ಮಾದ, ತೆಪ್ಪೆಲ್ಲ ಸುಳೀದು. ಒತ್ತಾರೆಗೇ ಬಂದ್ಬುಡು, ಕೆಳಗಲ ಒಲ ಉಳೋದದೆ."

ಮಂಚಮ್ಮ ಬೀದಿಯಲ್ಲಿ ನಿಂತು ಮಣ್ಣು ತೂರಿದಳು. "ನಿಮ್ಮನೆ ಆಳಾಗ! ನನ್ ಮಗನ್ ಕಾಲ್ಗೆ ಆಕಿದ ಅಗ್ಗ ನಿಮ್ ಕೊಳ್ಗೆ ಸುತ್ಕೊಳ್ಳ!" ಎಂದಳು. ಆಕ್ಷೇಪಣೆ ಲಿಖಿತವಾಗಿ ಇರಲಿಲ್ಲ. ಬರೆಯಬಲ್ಲ ನಾನು ಪಕ್ಕದಲ್ಲೇ ಇದ್ದೆ, ಬರೆಯಲಿಲ್ಲ.

ಜೋಡಿ ಮುರಿದ ಒಂಟಿ ಎತ್ತನ್ನು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ. ಹೀಗಾಗಿ ಸಂಘವು ಮಾದಪ್ಪನನ್ನು ಹಾಸನೂರಿನ ತಂಡಕ್ಕೆ ಕೊಟ್ಟು, ಬದಲಿಗೆ ಒಂದು ಚೆಂಡು ಮತ್ತು ಗಾಳಿ ಹೊಡೆಯುವ ಪಂಪು ತೆಗೆದುಕೊಂಡಿತು. ಕೊಟ್ಟದ್ದು ಫುಟ್‌ಬಾಲಿಗೆ ಮಾತ್ರ. ಉಳುಮೆಗೆ ಅವನು ಎಂದಿನಂತೆ ಷಡಕ್ಷರಿಯವರ ಹೊಲಕ್ಕೇ ಬರತಕ್ಕದ್ದು. ಮರುವರ್ಷ ಹಾಸನೂರು ನಮ್ಮ ಮೇಲೆ ಆಡಲು ಬಂತು. ಮಾದಪ್ಪ ತನಗೆ ಬದಲಾಗಿ ಬಂದ ಅದೇ ಚೆಂಡಿನಲ್ಲಿ ನಮಗೆ ಗೋಲಿನ ಮೇಲೆ ಗೋಲು ಹೊಡೆದ. ಅಧ್ಯಕ್ಷರು ಆ ದಿನ ಬಿಡುವಿನ ನಂತರವೂ ಕೂತಿದ್ದರು. ಮುಖದಲ್ಲಿ ಜಯದ ಕಳೆ.

"ನೋಡುದ್ರಾ? ಎಲ್ಡನೇ ಟೀಮು! ನಾ ಅವತ್ತೇ ಏಳ್ನಿಲ್ವಾ?"

ಎಲ್ಲರೂ ಹೌದೆಂದರು. ಕೊಟ್ಟವರು ನಾವೇ ಅಲ್ಲವೇ ಎಂದು ಕೇಳಲು ನಾನು ಬಾಯಿ ತೆರೆದೆ. ರುದ್ರಸ್ವಾಮಿಯವರು ನನ್ನ ಕಡೆ ನೋಡಿದರು, ಬಾಯಿ ಮುಚ್ಚಿದೆ.

ಎಂಬತ್ತಾರರಲ್ಲಿ ಸಂಘದ ವಾರ್ಷಿಕೋತ್ಸವ. ಮುಖ್ಯ ಅತಿಥಿ ಜಡೇಸ್ವಾಮಿಯವರು. ಮಿಲ್ಲಿನ ತಂಡದ ಆಯ್ಕೆಯನ್ನು ಆಗ ಅವರೇ ನೋಡಿಕೊಳ್ಳುತ್ತಿದ್ದರು. ಚೆಂಡಿಗೆ ದಾರಿ ಬಿಡುವುದೇ ತಮ್ಮ ಏಳಿಗೆಯ ಗುಟ್ಟೆಂದು ಅವರು ಹೇಳಲಿಲ್ಲ. ಸುಳಿಯ ಬಲ ಎಂದರು. ಅದೇ ಸಭೆಯಲ್ಲಿ ಮಾದಪ್ಪನನ್ನು, ಸ್ವಂತ ಅನುಭವವಿರುವ ಕಾರಣ, ಸಂಘದ ಗೌರವ ಸುಳಿ ಪರೀಕ್ಷಕನನ್ನಾಗಿ ನೇಮಿಸಿ ಒಂದು ಟವಲು ಹೊದಿಸಲಾಯಿತು. ಅವನು ಕೈಮುಗಿದು ಹೊದ್ದುಕೊಂಡ. ಆ ವರ್ಷದ ಆಯ್ಕೆಯಲ್ಲಿ ಚೆನ್ನಾಗಿ ಓಡುವ ಒಬ್ಬನ ತಲೆಯಲ್ಲಿ ಬೆರಳಾಡಿಸಿ, "ಎಲ್ಡು," ಎಂದು ಪಕ್ಕಕ್ಕೆ ಕಳಿಸಿದ. ಚೆಂಡು ಕೇಳಲಿಲ್ಲ.

ಈ ನಡುವೆ ಮಾದಪ್ಪನಿಗೆ ಮದುವೆಯಾಗಿತ್ತು, ಒಂದೇ. ಅದೇ ತಿಂಗಳು ಅವನಿಗೆ ಗಂಡುಮಗು ಹುಟ್ಟಿತು. ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಂಚಮ್ಮ ಹೊರಗೆ ಓಡಿಬಂದಳು. ಐದು ವರ್ಷದಲ್ಲಿ ಆಕೆಯ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. "ಲಾ ಮಾದ, ನೋಡ್ಲಾ ಇಲ್ಲಿ, ಒಂದೇ ಸುಳಿ ಕಣ್ಲಾ! ಒಂದೇಯ!" ಎಂದು ಕೂಗಿದಳು. ಮಾದಪ್ಪ ಹೆಗಲ ಟವಲಿಗೆ ಕೈ ಒರೆಸಿಕೊಂಡು, ಕೂಸಿನ ನೆತ್ತಿಯ ಮೇಲೆ ನಿಧಾನವಾಗಿ ಬೆರಳಾಡಿಸಿ, ಹೌದು, ಒಂದೇ ಎಂದು ಖಚಿತಪಡಿಸಿದ. ಮಂಚಮ್ಮ ಮನೆಮನೆಗೆ ಬೆಲ್ಲ ಹಂಚಿದಳು, ಮೊದಲು ಷಡಕ್ಷರಿಯವರ ಮನೆಗೆ. ನನಗೂ ಒಂದು ಚೂರು ಬಂತು, ತಿಂದೆ.