ನಾನು ಆರಿಸಿದ ಕಲ್ಲು

ಕಲ್ಲಿನ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂದು ಎಪ್ಪತ್ತೇಳನೇ ಇಸವಿಯಲ್ಲಿ ಹೆಂಡತಿಯ ಮುಂದೆ ಘೋಷಿಸಿದೆ. ಮಂಡ್ಯದ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಭೂಗೋಳ ಹೇಳಿಕೊಡುತ್ತಿದ್ದವನು ನಾನು. ಭೂಮಂಡಲದ ಸಮಸ್ತ ಶಿಲೆಗಳೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಆ ವರ್ಷ ನಮ್ಮ ಮನೆಗೆ ಗ್ಯಾಸ್ ಒಲೆ ಬಂತು. ತಂದುಕೊಟ್ಟವನು, ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಎಂದು ಹೇಳಿಹೋದ. ಅಲ್ಲಿಯವರೆಗೆ ನೆಲದ ಮೇಲೆ ಮಣೆ ಹಾಕಿಕೊಂಡು ಕೂತೇ ಅಡಿಗೆ ಮಾಡುತ್ತಿದ್ದ ರಂಗನಾಯಕಿಗೆ ನಿಂತು ಬೇಯಿಸುವ ಕಟ್ಟೆ ಬೇಕಾಯಿತು.

"ಒಂದು ಕಡಪ ಕಲ್ಲು ಹಾಕಿಸಿ, ಸಾಕು," ಎಂದಳು.

"ಕಡಪ ಕಲ್ಲಿಗೆ ಹುಳಿ ಆಗೋದಿಲ್ಲ. ಗ್ರಾನೈಟೇ ಆಗಬೇಕು. ನೂರು ವರ್ಷ ಇರುತ್ತೆ."

"ನಾವಿರ್ತೀವಾ?"

ಇದು ಭೂಗೋಳದ ಪ್ರಶ್ನೆಯಲ್ಲವಾದ್ದರಿಂದ ನಾನು ಅಳತೆಯ ಟೇಪು ಹುಡುಕಲು ಎದ್ದೆ.

ಮಳವಳ್ಳಿ ರಸ್ತೆಯಲ್ಲಿ ಪೂರಿಗಾಲಿಯ ಕೆಂಪಸಿದ್ದಯ್ಯ ಕಲ್ಲು ಕೆಲಸ ಮಾಡುತ್ತಿದ್ದ. ಜೇಬಿನಲ್ಲಿ ಎರಡು ನಿಂಬೆಹಣ್ಣು, ಕೈಯಲ್ಲಿ ಹುಳಿಸಾರಿನ ಡಬ್ಬಿ ಹಿಡಿದು ಅಲ್ಲಿಗೆ ಹೋದೆ. ಕಡಪ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ಅರ್ಧ ಗಂಟೆ ಕಾದೆ. ಅಷ್ಟಗಲ ಹೊಳಪು ಸತ್ತಿತು. ಉಜ್ಜಿ ನುಣುಪು ಮಾಡಿದ್ದ ಕರಿ ಗ್ರಾನೈಟಿನ ಮೇಲೆ ನಿಂಬೆ ಹಿಂಡಿದೆ, ಸಾರು ಸುರಿದೆ, ಪೆನ್ನಿನ ಇಂಕನ್ನೂ ಕೊಡವಿದೆ. ಒರೆಸಿದರೆ ಏನೂ ಆಗಿರಲಿಲ್ಲ.

"ಕಲ್ಲಿಗೆ ಊಟ ಇಕ್ಕಾಯ್ತಾ ಮೇಷ್ಟ್ರೇ?" ಎಂದ ಕೆಂಪಸಿದ್ದಯ್ಯ. "ಕಲ್ಲೇನೋ ಚೆನ್ನಾಗದೆ. ಅಡಿಗೆಮನೆ ನಾನೊಂದ್ ಕಿತ ನೋಡ್ಬೇಕಲ್ಲ."

"ಬೇಕಿಲ್ಲ. ಅಳತೆ ನಾನೇ ತಂದಿದ್ದೀನಿ."

ಆರಡಿ ಉದ್ದದ ಆ ಶಿಲೆ ಎತ್ತಿನ ಗಾಡಿಯಲ್ಲಿ ಮಂಡ್ಯ ಪ್ರವೇಶ ಮಾಡಿತು. ಬೀದಿಗೆ ಬೀದಿಯೇ ನೋಡಿತು. ಕಟ್ಟೆಯ ಮೇಲೆ ಅದನ್ನು ಕೂರಿಸಿ ಗಾರೆ ಬಳಿದಾದ ಮೇಲೆ ಕೆಂಪಸಿದ್ದಯ್ಯ ಕಿಟಕಿಯ ಕಡೆ ಕೈ ತೋರಿಸಿದ.

"ಇದ್ರ ಬಾಗ್ಲು ಇನ್ನು ತೆಗಿಯಕ್ಕಾಗಕಿಲ್ಲ, ಬುಡಿ."

ಕೂತು ಅಡಿಗೆ ಮಾಡುವವರಿಗೆಂದು ಹಿಂದಿನವರು ಇಟ್ಟ ಕಿಟಕಿ ಅದು. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿತ್ತು. ಒಳಕ್ಕೆ ತೆರೆಯುವ ಬಾಗಿಲು ಈಗ ಕಲ್ಲಿಗೆ ತಗಲಿಕೊಂಡಿತ್ತು.

"ಒಳ್ಳೇದೇ ಆಯ್ತು. ಗಾಳಿ ಬಂದ್ರೆ ಗ್ಯಾಸ್ ಆರಿಹೋಗುತ್ತೆ," ಎಂದೆ ನಾನು. ರಂಗನಾಯಕಿ ಬಾಗಿಲನ್ನು ಒಮ್ಮೆ ಎಳೆದು ನೋಡಿ ಕೈಬಿಟ್ಟಳು.

ಆ ಕಿಟಕಿಯ ಆಚೆ ಜೈನಾಬ್ ಬೀಯ ಹಿತ್ತಿಲು. ಅವಳ ಒಲೆಯೂ ಗೋಡೆಯ ಪಕ್ಕದಲ್ಲೇ ಇತ್ತು. ಇಬ್ಬರೂ ಕೂತಲ್ಲೇ ಮಾತಾಡುತ್ತ ಬೇಯಿಸುತ್ತಿದ್ದರು. ಆ ಕಡೆಯಿಂದ ಕರಿಬೇವು, ಈ ಕಡೆಯಿಂದ ಉಪ್ಪಿನಕಾಯಿ. ನಾನು ಅದನ್ನು ನೋಡಿರಲಿಲ್ಲವೆಂದಲ್ಲ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನನಗೆ ಕಲ್ಲಿನ ಸೇವೆಯೇ ಸಾಕಷ್ಟಿತ್ತು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಭಾನುವಾರ ಕೊಬ್ಬರಿ ಎಣ್ಣೆ ಸವರುವುದು. ತಿಕ್ಕಿ ತಿಕ್ಕಿ ನನ್ನ ಮುಖ ಅದರಲ್ಲಿ ಕಾಣತೊಡಗಿತು. ಆ ಅಡಿಗೆಮನೆಯಲ್ಲಿ ಸಂತೋಷವಾಗಿದ್ದ ಮುಖ ಅದೊಂದೇ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಸಾರಿಗೆ ಉಪ್ಪು ಮರೆತುಹೋಗುತ್ತಿತ್ತು. ಕೇಳಿದರೆ ರಂಗನಾಯಕಿ "ಹೌದಾ?" ಎನ್ನುವಳು, ಅಷ್ಟೆ.

ಜೈನಾಬ್ ಬೀಯ ಗಂಡ ಖಾಸಿಂನದು ಸೈಕಲ್ ರಿಪೇರಿ ಅಂಗಡಿ. ನನ್ನ ಸೈಕಲ್ಲಿನ ಒಂದು ಪಂಕ್ಚರಿಗೆ ಅವನು ಮೂರು ದಿನ "ನಾಳೆ ಬನ್ನಿ" ಎಂದ. ನಾಲ್ಕನೇ ದಿನ ಗಟ್ಟಿಸಿ ಕೇಳಿದೆ.

ಅವನು ಕೈ ಒರೆಸಿಕೊಂಡು ಎದ್ದು ನಿಂತ. "ನಮ್ಮಿಂದ ತಪ್ಪಾಗಿದ್ರೆ ಹೇಳ್ಬಿಡಿ ಸಾರ್. ಕಿಟಕಿ ಯಾಕೆ ಮುಚ್ಚಿಸಿದ್ರಿ?"

"ಕಲ್ಲು ಅಡ್ಡ ಬಂತಪ್ಪಾ."

"ಅಕ್ಕೋರೂ ಹಂಗೇ ಹೇಳಿದ್ರಂತೆ. ನಿಮ್ಮಂಥ ತಿಳಿದೋರು ಕಿಟಕಿ ನೋಡ್ದೆ ಕಟ್ಟೆ ಕಟ್ಟಿಸ್ತಾರಾ? ಬೇರೆ ಏನೋ ಇದೆ ಸಾರ್."

ನನ್ನ ವಿದ್ವತ್ತಿನ ಬಗ್ಗೆ ಅಷ್ಟು ಗಟ್ಟಿಯಾದ ನಂಬಿಕೆ ಇಟ್ಟವರು ಇನ್ನೊಬ್ಬರಿಲ್ಲ. ಅದನ್ನು ನಾನೇ ಒಡೆಯಬೇಕಾಯಿತು. "ಬೇರೆ ಏನೂ ಇಲ್ಲ ಖಾಸಿಂ. ನಾನು ನೋಡ್ಲಿಲ್ಲ, ಅಷ್ಟೆ," ಎಂದೆ. ಅವನು ನಂಬದೆ ಇದ್ದಾಗ ಮನೆಗೆ ಕರೆತಂದು ಬಾಗಿಲನ್ನು ಎಳೆದು ತೋರಿಸಿದೆ. ಅದು ಕಲ್ಲಿಗೆ ಬಡಿದು ನಿಂತಿತು. ಅವನು ಕಲ್ಲನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿ ನಕ್ಕ.

ಅವನು ಹೋದ ಮೇಲೆ ರಂಗನಾಯಕಿಯನ್ನು ಕೇಳಿದೆ. "ನನಗೆ ಮೊದಲೇ ಹೇಳಬಾರದಿತ್ತೇ?"

"ಏನಂತ ಹೇಳ್ಲಿ? ಅವಳ ಮನೆಗೆ ಸುತ್ತಿಬಳಸಿ ಹೋಗಿದ್ದೆ. ಕುರ್ಚಿ ಹಾಕಿ ಕೂರಿಸಿದಳು." ಅವಳ ದನಿ ಸಣ್ಣದಾಯಿತು. "ಹನ್ನೊಂದು ವರ್ಷದಲ್ಲಿ ಅವಳು ನನಗೆ ಕುರ್ಚಿ ಹಾಕಿದ್ದು ಅದೇ ಮೊದಲು."

ನನಗೆ ಆ ದಿನ ಊಟ ಸೇರಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು.

ಕೆಂಪಸಿದ್ದಯ್ಯ ಮತ್ತೆ ಬಂದ. ಕಲ್ಲು ಕಿತ್ತರೆ ಒಡೆಯುತ್ತದೆ, ಕಿಟಕಿಯನ್ನೇ ಮೇಲಕ್ಕೆ ಏರಿಸಬೇಕು ಎಂದ. ಗೋಡೆ ಒಡೆದು ಚೌಕಟ್ಟು ತೆಗೆದ ದಿನ ಅಲ್ಲೊಂದು ದೊಡ್ಡ ಕಂಡಿಯಾಯಿತು. ಇಬ್ಬರು ಹೆಂಗಸರೂ ಅದರ ಎರಡು ಕಡೆ ನಿಂತು, ಇಟ್ಟಿಗೆಯ ಧೂಳಿನಲ್ಲೇ ಹದಿನೆಂಟು ದಿನದ ಮಾತು ಆಡಿ ಮುಗಿಸಿದರು.

ತಿಂಗಳಾದ ಮೇಲೆ ಖಾಸಿಂ ಮನೆಗೆ ಬಂದ. "ಜೈನಾಬ್‌ಗೂ ನಿಂತು ಬೇಯಿಸೋ ಕಟ್ಟೆ ಬೇಕಂತೆ ಸಾರ್. ಕೂತ್ರೆ ಅಕ್ಕೋರ ಮುಖ ಕಾಣಲ್ವಂತೆ. ನಾಳೆ ಕಲ್ಲು ನೋಡೋಕೆ ಹೊರಟಿದ್ದೀವಿ."

"ಬೆಳಿಗ್ಗೆ ಎಂಟಕ್ಕೆಲ್ಲ ನಾನು ತಯಾರಾಗಿರ್ತೀನಿ," ಎಂದೆ.

ಖಾಸಿಂ ಕೆಮ್ಮಿದ. ನನ್ನ ಮೇಲಿನ ಗೌರವ ಅವನಿಗೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

"ನಿಮಗ್ಯಾಕೆ ತೊಂದರೆ ಸಾರ್," ಎಂದ. "ಅಕ್ಕೋರನ್ನ ಕಳ್ಸಿ."