ದನಿಯಿಲ್ಲದ ಹಾಡುಗಾರರು

ವಿಮರ್ಶೆ ಬರೆಯುವವನಿಗೆ ಒಂದೋ ತಿಳಿವಳಿಕೆ ಇರಬೇಕು, ಇಲ್ಲವೇ ಭಂಡಧೈರ್ಯ ಇರಬೇಕು. ನನಗೆ ಎರಡೂ ಇಲ್ಲ. ಆದರೂ ಒಂದು ಸಣ್ಣ ವೆಬ್ ಪತ್ರಿಕೆಗೆ ಹೊಸ ಅಮೆರಿಕನ್ ಆಲ್ಬಮ್‌ಗಳ ವಿಮರ್ಶೆ ಬರೆಯುತ್ತೇನೆ. ಫೋಕ್, ರೂಟ್ಸ್, ಅಮೆರಿಕಾನಾ ಎಂದು ಅವಕ್ಕೆ ಮೂರು ಹೆಸರಿವೆ. ಮೂರಕ್ಕೂ ಏನು ವ್ಯತ್ಯಾಸ ಎಂದು ಓದುಗರು ಇದುವರೆಗೆ ಕೇಳಿಲ್ಲ. ಅದು ಅವರ ದೊಡ್ಡ ಮನಸ್ಸು. ನಾನು ಕಂಡಂತೆ ಎಲ್ಲದರಲ್ಲೂ ಒಂದು ಗಿಟಾರು, ಒಂದು ಬ್ಯಾಂಜೊ, ಊರು ಬಿಟ್ಟು ಹೋಗುವ ಒಂದು ರೈಲು ಇರುತ್ತದೆ. ಯಾರಾದರೊಬ್ಬರು ತೀರಿಕೊಂಡಿರುತ್ತಾರೆ. ಇಷ್ಟರಲ್ಲಿ ಯಾವುದು ಒಳ್ಳೆಯದು, ಯಾವುದು ಸುಮಾರು ಎಂದು ಹೇಳಲು ನನಗೆ ಬರುವುದಿಲ್ಲ. ಅದನ್ನು ಹೇಳುತ್ತಿದ್ದವರು ಕೆಳಮನೆಯ ಡೆರಿಕ್ ಅಂಕಲ್.

ನಾವಿರುವುದು ಕಾಕ್ಸ್ ಟೌನಿನಲ್ಲಿ. ಅಂಕಲ್ ಪ್ರಾಯದಲ್ಲಿ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಶನಿವಾರದ ಡಾನ್ಸಿಗೆ ಗಿಟಾರ್ ನುಡಿಸಿದವರು. ಭಾನುವಾರ ಚರ್ಚು ಮುಗಿಸಿ, ಬೇಕರಿಯಲ್ಲಿ ಬಿಸಿ ಪಫ್ಸ್ ಕಟ್ಟಿಸಿಕೊಂಡು, ಇಸ್ತ್ರಿ ಮಾಡಿದ ಶರಟಿನಲ್ಲೇ ನಮ್ಮ ಮನೆಗೆ ಬರುತ್ತಾರೆ. ನಾನು ಹೊಸ ಆಲ್ಬಮ್ ಹಾಕಿ ಅವರನ್ನೇ ನೋಡುತ್ತಾ ಕೂರುತ್ತೇನೆ. ಕಾಲು ತಾಳ ಹಾಕಿದರೆ ನಾಲ್ಕು ಸ್ಟಾರು. ಹುಬ್ಬು ಮಾತ್ರ ಎದ್ದರೆ ಮೂರು. ಕೈ ಪಫ್ಸ್ ಹುಡುಕಿದರೆ ಎರಡು. ಇಷ್ಟೇ ನನ್ನ ಸಂಗೀತ ಶಾಸ್ತ್ರ.

ಹೋದ ವರ್ಷದಿಂದ ಅಂಕಲ್ ಒಂದೇ ದೂರು ಹೇಳತೊಡಗಿದರು. "ಏನ್ ಮ್ಯಾನ್, ಈ ಕಾಲದ್ ಹುಡುಗ್ರಿಗೆ ಮನೇಲಿ ಊಟ ಹಾಕಲ್ವಾ? ವಾಯ್ಸೇ ಇಲ್ಲ!" ನನಗೆ ಹಾಡು ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಗೊತ್ತಿರುವವರೇ ಕೇಳಿಸುತ್ತಿಲ್ಲ ಎಂದಮೇಲೆ, ಕೇಳಿಸುವುದು ನನ್ನ ಅಜ್ಞಾನವೇ ಇರಬೇಕು ಎಂದುಕೊಂಡೆ. ಅಮೆರಿಕದ ಜನಪದದ ದನಿ ಕುಗ್ಗುತ್ತಿದೆ, ಇದು ಪಿಸುಮಾತಿನ ಕಾಲ ಎಂದು ವಾರವಾರವೂ ಬರೆದೆ. ನಮ್ಮ ಕಾಲದ ದುಃಖ ಗಂಟಲಲ್ಲೇ ಸಿಕ್ಕಿಕೊಂಡಿದೆ ಎಂಬುದನ್ನು ಸರಿಯಾಗಿ ಗುರುತಿಸಿದ್ದೀರಿ ಎಂದು ಓದುಗರೊಬ್ಬರು ಹೊಗಳಿದರು. ಸಂಪಾದಕ ಫೋನ್ ಮಾಡಿ, "ಗುರು, ಸಖತ್ ಪಾಯಿಂಟು. ಇದನ್ನೇ ಸೀರೀಸ್ ಮಾಡ್ಬಿಡು" ಎಂದ. ಮಾಡಿದೆ.

ಒಂದು ದಿನ ಮೆಟ್ಟಿಲಲ್ಲಿ ಅಂಕಲ್ ಹೆಂಡತಿ ಡೋರೀನ್ ಆಂಟಿ ಸಿಕ್ಕರು. "ಸ್ವಲ್ಪ ಸೌಂಡ್ ಜಾಸ್ತಿ ಇಡು ಪಾ. ಅವರಿಗೆ ಕಿವಿ ಹೋಗಿದೆ. ಕಾಲಿಂಗ್ ಬೆಲ್ ಕೇಳ್ಸಲ್ಲ. ಚರ್ಚಲ್ಲಿ ಎಲ್ಲಾರೂ ಹಾಡು ಮುಗ್ಸಿ ಕೂತ್ಮೇಲೂ ಇವರೊಬ್ರೇ ನಿಂತು ಹಾಡ್ತಿರ್ತಾರೆ. ಕಿವಿಗೆ ಮಿಷನ್ ತಂದ್ವಿ. ಹಾಕ್ಕೊಂಡ್ರೆ ಗಿಟಾರು ತಗಡು ಬಡಿದ ಹಾಗೆ ಕೇಳ್ಸತ್ತೆ ಅಂತ ಬೀರುನಲ್ಲಿಟ್ಟಿದ್ದಾರೆ. ಗಿಟಾರ್ ತಂತಿನೂ ಬಿಚ್ಚಿಬಿಟ್ರು." ತಮ್ಮ ಬಾಗಿಲ ಕಡೆ ಒಮ್ಮೆ ನೋಡಿ, "ನಿನಗೆ ಗೊತ್ತು ಅಂತ ಅವರ ಹತ್ರ ಹೇಳ್ಬೇಡ. ಭಾನುವಾರ ನಿಮ್ಮನೆಗೆ ಬರೋದೊಂದೇ ಅವರಿಗೆ ಉಳಿದಿರೋದು. ಅದೂ ನಿಂತ್ರೆ ಹಾಸಿಗೆ ಬಿಟ್ಟು ಏಳಲ್ಲ" ಎಂದರು.

ನನ್ನ ಸೀರೀಸ್ ನೆನೆದು ನಾನು ನಗಬೇಕಿತ್ತು. ನಗು ಬರಲಿಲ್ಲ. ಜೀವಮಾನವಿಡೀ ಹಾಡಿನಲ್ಲೇ ಇದ್ದ ಮನುಷ್ಯ ಈಗ ಹೇಗೆ ದಿನ ದೂಡುತ್ತಿದ್ದಾರೋ ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿದೆ. ತಪ್ಪಾಯಿತೆಂದು ಪತ್ರಿಕೆಯಲ್ಲಿ ಬರೆಯೋಣವೆಂದರೆ, ಯಾಕೆ ತಪ್ಪಾಯಿತೆಂದೂ ಬರೆಯಬೇಕಲ್ಲ. ಆ ಬಡಪಾಯಿ ಹಾಡುಗಾರರೇ ಇನ್ನಷ್ಟು ದಿನ ದನಿಯಿಲ್ಲದೆ ಇರಲಿ ಎಂದು ಬಿಟ್ಟೆ.

ಆ ಭಾನುವಾರ ಹಾಕಿದ್ದು ಬ್ಯಾಂಜೊ ಹಿಡಿದ ಹುಡುಗಿಯೊಬ್ಬಳ ಮೊದಲ ಆಲ್ಬಮ್. ಸೌಂಡ್ ಪೂರ್ತಿ ಏರಿಸಿದೆ. ಮೇಲಿನ ಮನೆಯವರು ನೆಲ ಕುಟ್ಟಿದ ರಭಸಕ್ಕೆ ನಮ್ಮ ಫ್ಯಾನು ಅಲುಗಿತು. ಅಂಕಲ್ ಕಾಲು ತಾಳ ಹಾಕುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಏನೂ ಸದ್ದಿಲ್ಲದಾಗಲೂ, ಹಾಕುತ್ತಲೇ ಇತ್ತು. ನನಗೆ ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ಅಂಕಲ್ ಫ್ಯಾನು ನೋಡಿದರು, ನನ್ನನ್ನು ನೋಡಿದರು, ತಾವೇ ಎದ್ದು ಸೌಂಡ್ ತಗ್ಗಿಸಿದರು. "ಮೇಲಿನೋರಿಗೆ ಯಾಕೆ ತೊಂದ್ರೆ ಮ್ಯಾನ್. ನನಗೆ ಎಷ್ಟಿಟ್ರೂ ಒಂದೇ. ಡೋರೀನ್ ಹೇಳಿದ್ಲು ಅಲ್ವಾ?"

"ಮತ್ತೆ ಇಷ್ಟು ದಿನ ತಾಳ ಹೇಗೆ ಹಾಕ್ತಿದ್ರಿ, ಅಂಕಲ್?" ಎಂದೆ. ಇನ್ನೊಮ್ಮೆ ಕಿವಿಯ ಹತ್ತಿರ ಕೂಗಿ ಕೇಳಬೇಕಾಯಿತು.

"ನಿನ್ ಮುಖ ನೋಡ್ಕೊಂಡು. ನೀನು ಖುಷಿಯಾದ್ರೆ ಕಾಲು ಆಡಿಸ್ತಿದ್ದೆ. ನೀನು ಬರೆಯೋನು, ನಿನಗೆ ಗೊತ್ತಿರುತ್ತೆ ಅಂತ."

ನಾನು ಖುಷಿಯಾಗುತ್ತಿದ್ದದ್ದು ಅವರ ಕಾಲು ಆಡಿದಾಗ. ಇದನ್ನು ಕೂಗಿ ಹೇಳುವ ಧೈರ್ಯ ಬರಲಿಲ್ಲ. ಹಾಗಾದರೆ ಒಂದು ವರ್ಷ ನಮ್ಮ ಮನೆಯಲ್ಲಿ ಆ ಹಾಡುಗಳನ್ನು ಕೇಳಿದವರು ಯಾರು? ಮೇಲಿನ ಮನೆಯವರೇ ಇರಬೇಕು.

ಅಂಕಲ್ ಹತ್ತಿರ ಬಗ್ಗಿ ನನ್ನನ್ನು ದಿಟ್ಟಿಸಿದರು. "ಇವತ್ತು ಅಳ್ತಾ ಇದ್ದೀಯ. ಭಾಳ ಒಳ್ಳೇ ಹಾಡಿರ್ಬೇಕು. ಐದು ಹಾಕು ಮ್ಯಾನ್."

ಐದು ಹಾಕಿದೆ. ಆ ಹುಡುಗಿ ಏನು ಹಾಡಿದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.